ಲಂಬ ರೇಖೆ ಬರೆಯುವಾಗ ಇಳಿಜಾರನ್ನು ತಲೆಕೆಳಗು ಮಾಡಿ ಚಿಹ್ನೆ ಬದಲಿಸುವುದು ಏಕೆ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ‘2ಎಕ್ಸ್ + 3ವೈ = 12 ಎಂಬ ರೇಖೆಗೆ ಲಂಬವಾಗಿದ್ದು, (5, 5) ಬಿಂದುವಿನ ಮೂಲಕ ಹಾದುಹೋಗುವ ರೇಖೆಯ ಸಮೀಕರಣವನ್ನು ಕಂಡುಹಿಡಿಯಿರಿ’ ಎಂಬಂತಹ ಲೆಕ್ಕಗಳಲ್ಲಿ ಕೊಟ್ಟ ರೇಖೆಯ ಇಳಿಜಾರನ್ನು ತಲೆಕೆಳಗು ಮಾಡಿ ಚಿಹ್ನೆ ಬದಲಿಸಬೇಕು ಎಂದು ಕಲಿತಿದ್ದೇನೆ. ಹಾಗೆ ಏಕೆ ಮಾಡಬೇಕು? ಬಂದ ಉತ್ತರ ಸರಿಯಾಗಿದೆ ಎಂಬುದನ್ನು ಪುಸ್ತಕದ ಕೊನೆಯ ಪುಟಗಳನ್ನು ನೋಡದೆ ತಿಳಿದುಕೊಳ್ಳಲು ಸಾಧ್ಯವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ಏಕೆ’ ಎಂಬ ಪದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಸಮೀಕರಣವನ್ನು ಬರೆಯುವ ಕ್ರಮವನ್ನು ಒಂದು ಸಂಜೆಯಲ್ಲಿ ರೂಢಿಸಿಕೊಳ್ಳಬಹುದು. ಆದರೆ ಆ ಕ್ರಮ ಎಲ್ಲಿಂದ ಬಂತೆಂದು ತಿಳಿಯದಿದ್ದರೆ, ತಲೆಕೆಳಗು ಮಾಡಬೇಕಾದದ್ದು ಸಮಾಂತರ ರೇಖೆಗೋ ಲಂಬ ರೇಖೆಗೋ ಎಂಬ ಅನುಮಾನ ಪರೀಕ್ಷೆಯ ಕೊಠಡಿಯಲ್ಲಿ ಎದ್ದಾಗ ನೆನಪನ್ನು ಬಿಟ್ಟು ಬೇರೆ ಆಸರೆ ಸಿಗುವುದಿಲ್ಲ. ನೀವು ಕಲಿತ ನಿಯಮದಲ್ಲಿ ಎರಡು ಕೆಲಸಗಳಿವೆ: ಭಿನ್ನರಾಶಿಯನ್ನು ತಲೆಕೆಳಗು ಮಾಡುವುದು ಒಂದು, ಚಿಹ್ನೆಯನ್ನು ಬದಲಿಸುವುದು ಇನ್ನೊಂದು. ಇವೆರಡೂ ಒಂದೇ ಕ್ರಿಯೆಯಿಂದ ಹುಟ್ಟುತ್ತವೆ. ಆ ಕ್ರಿಯೆ ಎಂದರೆ ಹಾಳೆಯನ್ನು ಕಾಲು ಸುತ್ತು ತಿರುಗಿಸುವುದು. ನಿಮ್ಮ ಲೆಕ್ಕವನ್ನೇ ಕೊನೆಯವರೆಗೂ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಅದಕ್ಕೆ ಮೊದಲು ಎರಡು ಪದಗಳ ಬಗ್ಗೆ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಓದಿದವರಿಗೆ ತೊಡಕು ಕೆಲವೊಮ್ಮೆ ಈ ಪದಗಳಿಂದಲೇ ಆರಂಭವಾಗುತ್ತದೆ. ‘ಲಂಬ’ ಎಂಬುದು ತೂಗಾಡು, ಜೋತುಬೀಳು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಪದ. ಗೋಡೆ ಕಟ್ಟುವವರು ದಾರದ ತುದಿಗೆ ಗುಂಡನ್ನು ಕಟ್ಟಿ ಇಳಿಬಿಟ್ಟಾಗ ಆ ದಾರ ನೆಲಕ್ಕೆ ನೇರವಾಗಿ ನಿಲ್ಲುತ್ತದೆ. ಹಾಗಾಗಿ ದಿನಬಳಕೆಯಲ್ಲಿ ಲಂಬ ಎಂದರೆ ‘ನೆಟ್ಟಗೆ ನಿಂತದ್ದು’ ಎಂದೇ ಅರ್ಥವಾಗುತ್ತದೆ. ರೇಖಾಗಣಿತದಲ್ಲಿ ಒಂದು ರೇಖೆ ತಾನೊಂದೇ ಲಂಬವಾಗಿರಲು ಬರುವುದಿಲ್ಲ. ಅದು ಮತ್ತೊಂದು ರೇಖೆಗೆ ಲಂಬವಾಗಿರಬೇಕು, ಅಂದರೆ ಎರಡೂ ಸೇರುವಲ್ಲಿ 90 ಡಿಗ್ರಿ ಕೋನ ಉಂಟಾಗಬೇಕು. ಎರಡು ರೇಖೆಗಳೂ ಓರೆಯಾಗಿದ್ದು, ಎರಡರಲ್ಲಿ ಯಾವುದೂ ನೆಟ್ಟಗೆ ನಿಲ್ಲದೆ, ಆದರೂ ಒಂದಕ್ಕೊಂದು ಲಂಬವಾಗಿರಬಹುದು. ನಿಮ್ಮ ಲೆಕ್ಕದ ರೇಖೆಗಳು ಅಂಥವೇ.

‘ಇಳಿಜಾರು’ ಎಂಬ ಪದವೂ ಹಾಗೆಯೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಪದದಲ್ಲೇ ಇಳಿಯುವಿಕೆ ಇದ್ದರೂ, ಗಣಿತದಲ್ಲಿ ಎಡದಿಂದ ಬಲಕ್ಕೆ ಸಾಗುವಾಗ ಏರುವ ರೇಖೆಯ ಇಳಿಜಾರು ಧನ, ಇಳಿಯುವ ರೇಖೆಯದ್ದು ಋಣ. ಬಲಕ್ಕೆ ಇಷ್ಟು ಹೋದಾಗ ಮೇಲಕ್ಕೆ ಎಷ್ಟು ಏರಿದೆವು ಎಂಬ ಅನುಪಾತವೇ ಇಳಿಜಾರು. ಬಲಕ್ಕೆ 3 ಮನೆ ಹೋದಾಗ ಮೇಲಕ್ಕೆ 2 ಮನೆ ಏರಿದರೆ ಇಳಿಜಾರು 2/3. ಬಲಕ್ಕೆ 3 ಮನೆ ಹೋದಾಗ 2 ಮನೆ ಕೆಳಗಿಳಿದರೆ ಇಳಿಜಾರು −2/3. ಈ ‘ಬಲಕ್ಕೆ ಇಷ್ಟು, ಮೇಲಕ್ಕೆ ಅಷ್ಟು’ ಎಂಬ ಜೋಡಿಯನ್ನು ನಾನು ಇಲ್ಲಿ ‘ಹೆಜ್ಜೆ’ ಎಂದು ಕರೆಯುತ್ತೇನೆ. ಬಲಕ್ಕೆ 3, ಮೇಲಕ್ಕೆ 2 ಎಂಬ ಹೆಜ್ಜೆಯನ್ನು (3, 2) ಎಂದೂ, ಎಡಕ್ಕೆ ಹೋಗುವುದನ್ನೂ ಕೆಳಗಿಳಿಯುವುದನ್ನೂ ಋಣ ಸಂಖ್ಯೆಗಳಿಂದಲೂ ಬರೆಯೋಣ. ಇಳಿಜಾರು ಎಂಬ ಒಂದೇ ಸಂಖ್ಯೆಗಿಂತ ಹೆಜ್ಜೆ ಎಂಬ ಜೋಡಿ ಸಂಖ್ಯೆ ಈ ವಿಷಯವನ್ನು ತಿಳಿಯಲು ಹೆಚ್ಚು ಅನುಕೂಲ ಎಂಬುದು ನನ್ನ ಅನುಭವ. ಅದಕ್ಕೆ ಕಾರಣ ಮುಂದೆ ಸ್ಪಷ್ಟವಾಗುತ್ತದೆ.

ಈಗ ಚೌಕಗಳಿರುವ ಒಂದು ಹಾಳೆಯನ್ನು ತೆಗೆದುಕೊಳ್ಳಿ. ಒಂದು ಬಿಂದುವನ್ನು ಗುರುತಿಸಿ, ಅಲ್ಲಿಂದ ಬಲಕ್ಕೆ 3 ಮನೆ, ನಂತರ ಮೇಲಕ್ಕೆ 2 ಮನೆ ಗೆರೆ ಎಳೆದು, ಹೊರಟ ಬಿಂದುವನ್ನೂ ತಲುಪಿದ ಬಿಂದುವನ್ನೂ ಸೇರಿಸಿ. ಒಂದು ಲಂಬಕೋನ ತ್ರಿಭುಜ ಸಿಗುತ್ತದೆ. ಅದರ ವಿಕರ್ಣವೇ ನಮ್ಮ ರೇಖೆಯ ತುಂಡು. ಇದೇ ತ್ರಿಭುಜವನ್ನು ರಟ್ಟಿನಲ್ಲಿ ಕತ್ತರಿಸಿ ಹಾಳೆಯ ಮೇಲಿಟ್ಟು, ಹೊರಟ ಬಿಂದುವಿನಲ್ಲಿ ಗುಂಡುಪಿನ್ನು ಚುಚ್ಚಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ತ್ರಿಭುಜದ ಎಲ್ಲ ಬಾಹುಗಳೂ 90 ಡಿಗ್ರಿ ತಿರುಗಿದವು, ಆದ್ದರಿಂದ ವಿಕರ್ಣದ ಹೊಸ ಸ್ಥಾನ ಹಳೆಯ ಸ್ಥಾನಕ್ಕೆ ಲಂಬವಾಗಿಯೇ ಇದೆ. ಇನ್ನು ಉಳಿದ ಎರಡು ಬಾಹುಗಳನ್ನು ಗಮನಿಸಿ. ಬಲಕ್ಕೆ ಮಲಗಿದ್ದ 3 ಮನೆಯ ಬಾಹು ಈಗ ಮೇಲಕ್ಕೆ ನಿಂತಿದೆ. ಮೇಲಕ್ಕೆ ನಿಂತಿದ್ದ 2 ಮನೆಯ ಬಾಹು ಈಗ ಎಡಕ್ಕೆ ಮಲಗಿದೆ. ಹೊಸ ಹೆಜ್ಜೆ ಎಡಕ್ಕೆ 2, ಮೇಲಕ್ಕೆ 3. ಅಂದರೆ (−2, 3). ಇದರ ಇಳಿಜಾರು 3 ಭಾಗಿಸು −2, ಅಂದರೆ −3/2.

ನಿಮ್ಮ ನಿಯಮದ ಎರಡು ಭಾಗಗಳೂ ಇಲ್ಲಿಯೇ ಇವೆ. ಅಡ್ಡವಾಗಿದ್ದದ್ದು ಉದ್ದವಾಗಿ, ಉದ್ದವಾಗಿದ್ದದ್ದು ಅಡ್ಡವಾಗಿ ಸ್ಥಾನ ಬದಲಿಸಿದ್ದರಿಂದ ಭಿನ್ನರಾಶಿ ತಲೆಕೆಳಗಾಯಿತು. ‘ಮೇಲಕ್ಕೆ’ ಎಂಬುದು ತಿರುಗಿ ‘ಎಡಕ್ಕೆ’ ಆದದ್ದರಿಂದ ಋಣ ಚಿಹ್ನೆ ಬಂತು. ತ್ರಿಭುಜವನ್ನು ಇನ್ನೊಂದು ದಿಕ್ಕಿನಲ್ಲಿ, ಗಡಿಯಾರದ ಮುಳ್ಳು ಸುತ್ತುವಂತೆ ತಿರುಗಿಸಿದರೂ ಫಲ ಅದೇ: ‘ಬಲಕ್ಕೆ 3’ ಎಂಬುದು ‘ಕೆಳಕ್ಕೆ 3’ ಆಗುತ್ತದೆ, ‘ಮೇಲಕ್ಕೆ 2’ ಎಂಬುದು ‘ಬಲಕ್ಕೆ 2’ ಆಗುತ್ತದೆ, ಇಳಿಜಾರು ಮತ್ತೆ −3/2. ಸಂಖ್ಯೆಗಳ ಬದಲು ಅಕ್ಷರಗಳನ್ನಿಟ್ಟು ಹೇಳುವುದಾದರೆ, (ಅ, ಬ) ಎಂಬ ಹೆಜ್ಜೆ ಕಾಲು ಸುತ್ತು ತಿರುಗಿ (−ಬ, ಅ) ಆಗುತ್ತದೆ. ಇಳಿಜಾರು ಬ/ಅ ಇದ್ದದ್ದು −ಅ/ಬ ಆಗುತ್ತದೆ. ಎರಡನ್ನೂ ಗುಣಿಸಿದರೆ −1 ಬರುತ್ತದೆ. ಪಠ್ಯಪುಸ್ತಕದಲ್ಲಿ ‘ಲಂಬ ರೇಖೆಗಳ ಇಳಿಜಾರುಗಳ ಗುಣಲಬ್ಧ −1’ ಎಂದು ಕೊಟ್ಟಿರುವುದು ಇದನ್ನೇ.

ಚಿಹ್ನೆ ಬದಲಾಗಲೇಬೇಕು ಎಂಬುದನ್ನು ಲೆಕ್ಕವಿಲ್ಲದೆಯೂ ಮನಗಾಣಬಹುದು. ಮೂಲಬಿಂದುವಿನಿಂದ ಬಲಕ್ಕೆ ಏರುತ್ತಾ ಹೊರಡುವ ಎರಡು ರೇಖೆಗಳನ್ನು ಯೋಚಿಸಿ. ಎರಡೂ ಮೊದಲ ಚತುರ್ಥಕದ ಒಳಗೇ ಇರುತ್ತವೆ. ಆ ಚತುರ್ಥಕದ ಒಟ್ಟು ಅಗಲವೇ 90 ಡಿಗ್ರಿ. ಅದರ ಅಂಚುಗಳನ್ನು ಮುಟ್ಟದೆ ಒಳಗಿರುವ ಎರಡು ರೇಖೆಗಳ ನಡುವೆ 90 ಡಿಗ್ರಿ ಕೋನ ಹಿಡಿಯುವುದಕ್ಕೆ ಜಾಗವೇ ಇಲ್ಲ. ಆದ್ದರಿಂದ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಉತ್ತರದಲ್ಲಿ ಎರಡೂ ಇಳಿಜಾರುಗಳು ಧನವಾಗಿಯೋ ಎರಡೂ ಋಣವಾಗಿಯೋ ಕಂಡುಬಂದರೆ ಎಲ್ಲೋ ತಪ್ಪಾಗಿದೆ ಎಂದು ಕೂಡಲೇ ತಿಳಿಯಬಹುದು.

ರಟ್ಟಿನ ತ್ರಿಭುಜವನ್ನು ತಿರುಗಿಸಿದ್ದು ಸಾಧನೆಯಾಗುತ್ತದೆಯೇ ಎಂದು ನಿಮಗೆ ಅನುಮಾನವಿದ್ದರೆ, ಪೈಥಾಗೊರಸ್ ಪ್ರಮೇಯದಿಂದಲೂ ಅದೇ ಫಲವನ್ನು ಪಡೆಯಬಹುದು. ರೇಖೆಯನ್ನು ತನಗೆ ತಾನೇ ಸಮಾಂತರವಾಗಿ ಸರಿಸಿದರೆ ಇಳಿಜಾರು ಬದಲಾಗುವುದಿಲ್ಲವಾದ್ದರಿಂದ ಎರಡೂ ರೇಖೆಗಳು ಮೂಲಬಿಂದುವಿನ ಮೂಲಕ ಹೋಗುತ್ತವೆ ಎಂದು ಭಾವಿಸೋಣ. ಅವುಗಳ ಇಳಿಜಾರುಗಳು ಮ ಮತ್ತು ನ ಆಗಿರಲಿ. ಬಲಕ್ಕೆ 1 ಮನೆ ಹೋದಾಗ ಮೊದಲನೆಯದು (1, ಮ) ಬಿಂದುವನ್ನೂ ಎರಡನೆಯದು (1, ನ) ಬಿಂದುವನ್ನೂ ತಲುಪುತ್ತದೆ. ಮೂಲಬಿಂದುವಿನಿಂದ ಇವುಗಳ ದೂರದ ವರ್ಗಗಳು ಕ್ರಮವಾಗಿ 1 + ಮ² ಮತ್ತು 1 + ನ². ಈ ಎರಡು ಬಿಂದುಗಳು ಒಂದರ ಮೇಲೊಂದು ನೇರವಾಗಿ ಇರುವುದರಿಂದ ಅವುಗಳ ನಡುವಿನ ದೂರದ ವರ್ಗ (ಮ − ನ)². ಮೂಲಬಿಂದುವಿನಲ್ಲಿ ಲಂಬಕೋನವಿದ್ದರೆ,

1 + ಮ² + 1 + ನ² = ಮ² − 2ಮನ + ನ²

ಎಂದಾಗಬೇಕು. ಎರಡೂ ಕಡೆಯ ವರ್ಗಗಳು ಹೊಂದಿಹೋಗಿ 2 = −2ಮನ ಉಳಿಯುತ್ತದೆ, ಅಂದರೆ ಮ × ನ = −1. ಪೈಥಾಗೊರಸ್ ಪ್ರಮೇಯದ ವಿಲೋಮವೂ ಸತ್ಯವಾದ್ದರಿಂದ ಈ ಹೆಜ್ಜೆಗಳನ್ನು ಕೆಳಗಿನಿಂದ ಮೇಲಕ್ಕೂ ಓದಬಹುದು: ಗುಣಲಬ್ಧ −1 ಆಗಿದ್ದರೆ ಕೋನ ಲಂಬವೇ ಆಗಿರುತ್ತದೆ. ಈ ಸಾಧನೆ ಚಿಕ್ಕದು, ಕಲಿಯಲು ಯೋಗ್ಯವಾದದ್ದು. ಆದರೂ ನಿಯಮ ಮರೆತುಹೋದಾಗ ಮರಳಿ ಕಟ್ಟಿಕೊಳ್ಳಲು ನನಗೆ ತಿರುಗುವ ತ್ರಿಭುಜವೇ ಹೆಚ್ಚು ನೆರವಾಗಿದೆ.

ಇನ್ನು ನಿಮ್ಮ ಲೆಕ್ಕ. 2ಎಕ್ಸ್ + 3ವೈ = 12 ಎಂಬುದರಿಂದ ಇಳಿಜಾರನ್ನು ಓದಬೇಕಾದರೆ ಮೊದಲು ವೈ ಒಂದನ್ನೇ ಒಂದು ಬದಿಗೆ ತರಬೇಕು. 3ವೈ = −2ಎಕ್ಸ್ + 12, ಆದ್ದರಿಂದ ವೈ = −(2/3)ಎಕ್ಸ್ + 4. ಇಳಿಜಾರು −2/3. ಇದಕ್ಕೆ ಲಂಬವಾದ ರೇಖೆಯ ಇಳಿಜಾರು ತಲೆಕೆಳಗಾಗಿ, ಚಿಹ್ನೆ ಬದಲಾಗಿ, 3/2. ಈ ಇಳಿಜಾರಿನ ರೇಖೆಗಳು ಎಣಿಕೆಯಿಲ್ಲದಷ್ಟಿವೆ, ಎಲ್ಲವೂ ಒಂದಕ್ಕೊಂದು ಸಮಾಂತರ. ಅವುಗಳಲ್ಲಿ ನಮಗೆ ಬೇಕಾದದ್ದು (5, 5) ಬಿಂದುವನ್ನು ಹಾಯುವ ಒಂದೇ ಒಂದು. ಆ ರೇಖೆಯ ಮೇಲಿನ ಯಾವುದೇ ಬಿಂದುವಿಗೆ (5, 5)ರಿಂದ ಹೋಗುವಾಗ ಏರಿಕೆಯು ಅಡ್ಡ ದೂರದ 3/2 ಪಟ್ಟು ಇರಬೇಕು ಎಂಬುದನ್ನು ಹೀಗೆ ಬರೆಯುತ್ತೇವೆ:

ವೈ − 5 = (3/2)(ಎಕ್ಸ್ − 5)

ಎರಡರಿಂದ ಗುಣಿಸಿದರೆ 2ವೈ − 10 = 3ಎಕ್ಸ್ − 15; ಪದಗಳನ್ನು ಜೋಡಿಸಿದರೆ

3ಎಕ್ಸ್ − 2ವೈ = 5.

ಇದೇ ಉತ್ತರ. ಆದರೆ ಈ ಉತ್ತರವನ್ನು ಕೊಟ್ಟ ಸಮೀಕರಣದ ಕೆಳಗೆ ಬರೆದು ಒಂದು ಕ್ಷಣ ನೋಡಿ. 2ಎಕ್ಸ್ + 3ವೈ ಇದ್ದದ್ದು 3ಎಕ್ಸ್ − 2ವೈ ಆಗಿದೆ: ಸಹಗುಣಕಗಳು ತಮ್ಮ ಸ್ಥಾನ ಬದಲಿಸಿಕೊಂಡಿವೆ, ಒಂದರ ಚಿಹ್ನೆ ಬದಲಾಗಿದೆ. ಅಂದರೆ ಇಳಿಜಾರಿನ ಮಾತೇ ಇಲ್ಲದೆ, 3ಎಕ್ಸ್ − 2ವೈ ಎಂದು ನೇರವಾಗಿ ಬರೆದು, ಅದರಲ್ಲಿ (5, 5) ಅನ್ನು ಆದೇಶಿಸಿ 15 − 10 = 5 ಎಂದು ಬಲಬದಿಯ ಸಂಖ್ಯೆಯನ್ನು ಪಡೆಯಬಹುದಾಗಿತ್ತು. ಎರಡೇ ಸಾಲಿನ ಕೆಲಸ, ಭಿನ್ನರಾಶಿಯೂ ಇಲ್ಲ. ಸಾಮಾನ್ಯವಾಗಿ, ಅಎಕ್ಸ್ + ಬವೈ = ಕ ಎಂಬ ರೇಖೆಗೆ ಲಂಬವಾದ ರೇಖೆಗಳೆಲ್ಲ ಬಎಕ್ಸ್ − ಅವೈ = ಡ ಎಂಬ ರೂಪದಲ್ಲಿರುತ್ತವೆ; ಕೊಟ್ಟ ಬಿಂದು ಡ ಎಷ್ಟೆಂದು ತೀರ್ಮಾನಿಸುತ್ತದೆ.

ಈ ಸುಲಭ ದಾರಿಯ ಹಿಂದೆ ಇರುವ ಕಾರಣವನ್ನು ನಾನು ಈ ಇಡೀ ವಿಷಯದ ಅತ್ಯಂತ ಸುಂದರ ಭಾಗವೆಂದು ಪರಿಗಣಿಸುತ್ತೇನೆ. 2ಎಕ್ಸ್ + 3ವೈ = 12 ಎಂಬ ರೇಖೆಯ ಮೇಲೆ ನಿಂತು ಅದರ ಉದ್ದಕ್ಕೂ ನಡೆಯುವಾಗ 2ಎಕ್ಸ್ + 3ವೈ ಎಂಬುದರ ಬೆಲೆ ಬದಲಾಗಬಾರದು, ಅದು 12 ಆಗಿಯೇ ಉಳಿಯಬೇಕು. ಹಾಗಿದ್ದರೆ ಬಲಕ್ಕೆ ಹೋದದ್ದರಿಂದ ಹೆಚ್ಚಾದದ್ದನ್ನು ಕೆಳಗಿಳಿಯುವುದರಿಂದ ಸರಿದೂಗಿಸಬೇಕು: ಬಲಕ್ಕೆ 3 ಹೋದರೆ 2 × 3 = 6 ಹೆಚ್ಚುತ್ತದೆ, ಕೆಳಕ್ಕೆ 2 ಇಳಿದರೆ 3 × 2 = 6 ಕಡಿಮೆಯಾಗುತ್ತದೆ. ಆದ್ದರಿಂದ ರೇಖೆಯ ಹೆಜ್ಜೆ (3, −2). ಈ ಹೆಜ್ಜೆಯನ್ನು ಕಾಲು ಸುತ್ತು ತಿರುಗಿಸಿದರೆ ಏನು ಬರುತ್ತದೆ? (ಅ, ಬ) ತಿರುಗಿ (−ಬ, ಅ) ಆಗುತ್ತದೆ ಎಂಬ ನಮ್ಮ ನಿಯಮದಂತೆ (2, 3) ಬರುತ್ತದೆ. ಅವು ಸಮೀಕರಣದಲ್ಲಿದ್ದ ಸಹಗುಣಕಗಳೇ! ಪ್ರತಿಯೊಂದು ಸರಳ ರೇಖೆಯ ಸಮೀಕರಣವೂ ತನಗೆ ಲಂಬವಾದ ದಿಕ್ಕು ಯಾವುದೆಂಬುದನ್ನು ತನ್ನ ಸಹಗುಣಕಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. 2ಎಕ್ಸ್ + 3ವೈ ಎಂದು ಕಂಡಾಗ ‘ಬಲಕ್ಕೆ 2, ಮೇಲಕ್ಕೆ 3 ಎಂಬುದು ಇದರ ಲಂಬ ದಿಕ್ಕು’ ಎಂದು ಓದುವುದನ್ನು ರೂಢಿ ಮಾಡಿಕೊಂಡವರಿಗೆ ಈ ಅಧ್ಯಾಯದ ಮುಂದಿನ ಭಾಗಗಳು ಬಹಳ ಹಗುರವಾಗುತ್ತವೆ.

ಅದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಇದೇ ಅಧ್ಯಾಯದಲ್ಲಿ ಒಂದು ಬಿಂದುವಿನಿಂದ ಒಂದು ರೇಖೆಗೆ ಇರುವ ದೂರದ ಸೂತ್ರ ಬರುತ್ತದೆ; ಛೇದದಲ್ಲಿ ವರ್ಗಮೂಲವಿರುವ ಆ ಸೂತ್ರವನ್ನು ಅನೇಕರು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾರೆ. ನಮ್ಮ ಬಿಂದು (5, 5)ರಲ್ಲಿ 2ಎಕ್ಸ್ + 3ವೈ ಬೆಲೆ 25. ರೇಖೆಯ ಮೇಲೆ ಅದು 12 ಇರಬೇಕು. ಅಂದರೆ 13 ಹೆಚ್ಚಾಗಿದೆ. ಲಂಬ ದಿಕ್ಕಿನಲ್ಲಿ (2, 3) ಎಂಬ ಒಂದು ಹೆಜ್ಜೆ ಇಟ್ಟರೆ ಬೆಲೆ ಎಷ್ಟು ಬದಲಾಗುತ್ತದೆ? 2 × 2 + 3 × 3, ಅಂದರೆ 13. ಆದ್ದರಿಂದ (5, 5)ರಿಂದ ಸರಿಯಾಗಿ ಒಂದು ಹೆಜ್ಜೆ ಹಿಂದಕ್ಕೆ ಬಂದರೆ ನಾವು ರೇಖೆಯ ಮೇಲಿರುತ್ತೇವೆ: (5 − 2, 5 − 3), ಅಂದರೆ (3, 2). ಇದೇ ಲಂಬಪಾದ, ಅಂದರೆ ಬಿಂದುವಿನಿಂದ ಎಳೆದ ಲಂಬ ಕೊಟ್ಟ ರೇಖೆಯನ್ನು ಮುಟ್ಟುವ ಜಾಗ. ಆ ಹೆಜ್ಜೆಯ ಉದ್ದ ಪೈಥಾಗೊರಸ್ ಪ್ರಮೇಯದಂತೆ √13, ಆದ್ದರಿಂದ ದೂರ √13. ನಿಮ್ಮ ಬಿಂದು (7, 8) ಆಗಿದ್ದಿದ್ದರೆ ಬೆಲೆ 38, ಹೆಚ್ಚಾದದ್ದು 26, ಹಿಂದಿಡಬೇಕಾದ ಹೆಜ್ಜೆಗಳು ಎರಡು, ತಲುಪುವುದು ಅದೇ (3, 2). ಸೂತ್ರದಲ್ಲಿರುವುದು ಇಷ್ಟೇ: ಎಷ್ಟು ಹೆಜ್ಜೆ ಎಂಬುದನ್ನು ತಿಳಿಯಲು ಅ² + ಬ² ಇಂದ ಭಾಗಿಸುತ್ತೇವೆ, ಒಂದು ಹೆಜ್ಜೆಯ ಉದ್ದ √(ಅ² + ಬ²) ಆದ್ದರಿಂದ ಅದರಿಂದ ಗುಣಿಸುತ್ತೇವೆ, ಎರಡೂ ಸೇರಿ ಛೇದದಲ್ಲಿ √(ಅ² + ಬ²) ಒಂದೇ ಉಳಿಯುತ್ತದೆ. ಲಂಬಪಾದವನ್ನು ಎರಡು ಸಮೀಕರಣಗಳನ್ನು ಬಿಡಿಸಿಯೂ ಪಡೆಯಬಹುದು. ಕೊಟ್ಟ ಸಮೀಕರಣವನ್ನು 2ರಿಂದಲೂ ನಮ್ಮ ಉತ್ತರವನ್ನು 3ರಿಂದಲೂ ಗುಣಿಸಿದಾಗ ಬರುವ 4ಎಕ್ಸ್ + 6ವೈ = 24 ಮತ್ತು 9ಎಕ್ಸ್ − 6ವೈ = 15 ಎಂಬುವನ್ನು ಕೂಡಿದರೆ 13ಎಕ್ಸ್ = 39, ಆದ್ದರಿಂದ ಎಕ್ಸ್ = 3, ವೈ = 2. ಎರಡು ದಾರಿಗಳೂ ಒಂದೇ ಬಿಂದುವಿಗೆ ಬಂದು ಸೇರಿದವು.

ಈ ಲೆಕ್ಕದ ಚಿತ್ರದಲ್ಲಿ ಇನ್ನೂ ಒಂದು ಸ್ವಾರಸ್ಯ ಅಡಗಿದೆ. 2ಎಕ್ಸ್ + 3ವೈ = 12 ಎಂಬ ರೇಖೆ ಅಕ್ಷಗಳನ್ನು (0, 4) ಮತ್ತು (6, 0) ಬಿಂದುಗಳಲ್ಲಿ ಕತ್ತರಿಸುತ್ತದೆ. ಇವೆರಡರ ಮಧ್ಯಬಿಂದು (3, 2), ಅಂದರೆ ನಮ್ಮ ಲಂಬಪಾದವೇ. ಹಾಗಾದರೆ 3ಎಕ್ಸ್ − 2ವೈ = 5 ಎಂಬುದು ಈ ಎರಡು ಬಿಂದುಗಳ ನಡುವಿನ ರೇಖಾಖಂಡದ ಲಂಬಾರ್ಧಕವೂ ಹೌದು, ಮತ್ತು ಅದರ ಮೇಲಿರುವ (5, 5) ಎರಡೂ ತುದಿಗಳಿಂದ ಸಮಾನ ದೂರದಲ್ಲಿರಬೇಕು. ಪರೀಕ್ಷಿಸಿ ನೋಡಿ: (0, 4)ರಿಂದ ದೂರದ ವರ್ಗ 25 + 1 = 26, (6, 0)ರಿಂದ 1 + 25 = 26. ಅಷ್ಟೇ ಅಲ್ಲ, (5, 5)ರಿಂದ ಈ ತುದಿಗಳಿಗೆ ಎಳೆದ ರೇಖೆಗಳ ಇಳಿಜಾರುಗಳು 1/5 ಮತ್ತು −5; ಗುಣಿಸಿದರೆ −1. ಅಂದರೆ (5, 5)ರಲ್ಲಿಯೂ ಲಂಬಕೋನವಿದೆ. ಈ ಮೂರು ಬಿಂದುಗಳ ಜೊತೆಗೆ (1, −1) ಅನ್ನು ಸೇರಿಸಿದರೆ ಒಂದು ಪೂರ್ಣ ಚೌಕವಾಗುತ್ತದೆ. ನಿಮ್ಮ ಲೆಕ್ಕದ ಎರಡು ರೇಖೆಗಳು ಆ ಚೌಕದ ಎರಡು ಕರ್ಣಗಳು.

ಎರಡು ಬಿಂದುಗಳಿಂದ ಸಮಾನ ದೂರದಲ್ಲಿರುವ ಬಿಂದುಗಳನ್ನು ಹುಡುಕಿ ಲಂಬ ಎಳೆಯುವ ಈ ಉಪಾಯ ಸಮೀಕರಣಗಳಿಗಿಂತ ಬಹಳ ಹಳೆಯದು. ಯಜ್ಞವೇದಿಕೆಗಳ ಅಳತೆಯನ್ನು ಹೇಳುವ ಕಾತ್ಯಾಯನ ಶುಲ್ಬಸೂತ್ರದಲ್ಲಿ ದಿಕ್ಕುಗಳನ್ನು ಗುರುತಿಸುವ ಕ್ರಮ ಹೀಗಿದೆ: ಸಮತಟ್ಟಾದ ನೆಲದಲ್ಲಿ ಶಂಕುವನ್ನು, ಅಂದರೆ ನೆಟ್ಟಗಿನ ಗೂಟವೊಂದನ್ನು, ನೆಟ್ಟು, ಅದರಷ್ಟೇ ಉದ್ದದ ಹಗ್ಗದಿಂದ ಸುತ್ತಲೂ ವೃತ್ತ ಎಳೆದು, ಬೆಳಗ್ಗೆ ಮತ್ತು ಮಧ್ಯಾಹ್ನದ ನಂತರ ಶಂಕುವಿನ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಕಡೆಗಳಲ್ಲಿ ಗೂಟ ನೆಡಬೇಕು; ಅವನ್ನು ಸೇರಿಸುವ ಗೆರೆ ಪೂರ್ವ-ಪಶ್ಚಿಮ. ಬಳಿಕ ಆ ಎರಡು ಗೂಟಗಳ ಅಂತರದ ಎರಡರಷ್ಟು ಉದ್ದದ ಹಗ್ಗದ ತುದಿಗಳನ್ನು ಗೂಟಗಳಿಗೆ ಸಿಕ್ಕಿಸಿ, ಹಗ್ಗದ ನಡುವನ್ನು ಹಿಡಿದು ಒಮ್ಮೆ ದಕ್ಷಿಣಕ್ಕೂ ಒಮ್ಮೆ ಉತ್ತರಕ್ಕೂ ಎಳೆದು ಗುರುತು ಮಾಡಿದರೆ, ಆ ಗುರುತುಗಳನ್ನು ಸೇರಿಸುವ ಗೆರೆ ಉತ್ತರ-ದಕ್ಷಿಣ. ಹಗ್ಗದ ನಡುಭಾಗ ಎರಡು ಗೂಟಗಳಿಂದಲೂ ಒಂದೇ ದೂರದಲ್ಲಿರುವುದರಿಂದಲೇ ಅದು ಲಂಬವಾಗುತ್ತದೆ. ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೆ ರಚಿಸಿದ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಸಂಪುಟದಲ್ಲಿ ರೇಖೆಯ ಮೇಲಿನ ಬಿಂದುವಿನಿಂದ ಲಂಬ ಎಳೆಯುವುದು 11ನೆಯ ಪ್ರಮೇಯ, ಹೊರಗಿನ ಬಿಂದುವಿನಿಂದ ಎಳೆಯುವುದು 12ನೆಯದು. ಕೈವಾರ ಮತ್ತು ಅಳತೆಪಟ್ಟಿಯಿಂದ ಹೈಸ್ಕೂಲಿನಲ್ಲಿ ನೀವು ಮಾಡಿದ ರಚನೆಗಳು ಇವೇ. ನಿರ್ದೇಶಾಂಕ ರೇಖಾಗಣಿತದಲ್ಲಿ ಸಮೀಕರಣಕ್ಕೆ ಬಿಂದು ರೇಖೆಯ ಮೇಲಿದೆಯೋ ಹೊರಗಿದೆಯೋ ಎಂಬ ಭೇದವೇ ಇಲ್ಲ; (5, 5)ರ ಬದಲು (3, 2) ಕೊಟ್ಟಿದ್ದರೂ 3 × 3 − 2 × 2 = 5 ಎಂದು ಅದೇ ಉತ್ತರ ಬರುತ್ತಿತ್ತು.

1637ರಲ್ಲಿ ಪ್ರಕಟವಾದ ‘ಲಾ ಜಿಯೊಮೆಟ್ರಿ’ ಎಂಬ ಕೃತಿಯಲ್ಲಿ ರೇಖಾಗಣಿತವನ್ನು ಬೀಜಗಣಿತಕ್ಕೆ ಬೆಸೆದ ರೆನೆ ಡೆಕಾರ್ಟ್, ವಕ್ರರೇಖೆಯೊಂದರ ಮೇಲಿನ ಬಿಂದುವಿನಲ್ಲಿ ಅದಕ್ಕೆ ಲಂಬವಾದ ರೇಖೆಯನ್ನು ಕಂಡುಹಿಡಿಯುವುದು ತನಗೆ ಗೊತ್ತಿರುವ ರೇಖಾಗಣಿತದ ಸಮಸ್ಯೆಗಳಲ್ಲಿ ಅತ್ಯಂತ ಉಪಯುಕ್ತವೂ ವ್ಯಾಪಕವೂ ಆದದ್ದು ಎಂದು ಹೇಳಿದ. ನಿಮಗೆ ಈಗ ತಿಳಿದಿರುವ ನಿಯಮದಿಂದ ಅದರ ಒಂದು ಸರಳ ರೂಪವನ್ನು ನೀವೇ ಬಿಡಿಸಬಹುದು. ಮೂಲಬಿಂದುವನ್ನು ಕೇಂದ್ರವಾಗಿಟ್ಟು 5 ತ್ರಿಜ್ಯದಿಂದ ಎಳೆದ ವೃತ್ತದ ಮೇಲೆ (3, 4) ಎಂಬ ಬಿಂದುವಿದೆ. ಅಲ್ಲಿ ಎಳೆದ ಸ್ಪರ್ಶಕ ತ್ರಿಜ್ಯಕ್ಕೆ ಲಂಬ. ತ್ರಿಜ್ಯದ ಹೆಜ್ಜೆ (3, 4). ರೇಖೆಯ ಸಹಗುಣಕಗಳೇ ಅದರ ಲಂಬ ದಿಕ್ಕು ಎಂಬುದನ್ನು ನೆನೆದರೆ ಸ್ಪರ್ಶಕದ ಎಡಬದಿ 3ಎಕ್ಸ್ + 4ವೈ ಎಂದು ಕೂಡಲೇ ಬರೆಯಬಹುದು. (3, 4) ಆದೇಶಿಸಿದರೆ ಬಲಬದಿ 25. ತ್ರಿಭುಜದ ಎತ್ತರಗಳು, ಲಂಬಕೇಂದ್ರ, ಪರಿಕೇಂದ್ರ ಇವುಗಳ ಲೆಕ್ಕಗಳೂ ಇದೇ ಕೆಲಸವನ್ನು ಎರಡು ಬಾರಿ ಮಾಡಿ ಎರಡು ರೇಖೆಗಳು ಸೇರುವ ಬಿಂದುವನ್ನು ಹುಡುಕುವುದಷ್ಟೆ.

‘ಗುಣಲಬ್ಧ −1’ ಎಂಬ ನಿಯಮ ಕೈಕೊಡುವ ಸಂದರ್ಭವೊಂದಿದೆ. ವೈ = 3 ಎಂಬ ರೇಖೆ ಅಡ್ಡಡ್ಡವಾಗಿ ಮಲಗಿದೆ; ಅದರ ಇಳಿಜಾರು 0. ತಲೆಕೆಳಗು ಮಾಡಲು ಹೋದರೆ −1/0 ಎಂದು ಬರೆಯಬೇಕಾಗುತ್ತದೆ, ಅದಕ್ಕೆ ಅರ್ಥವಿಲ್ಲ. ನೆಟ್ಟಗೆ ನಿಂತ ರೇಖೆಗೆ ಇಳಿಜಾರು ಎಂಬ ಸಂಖ್ಯೆಯೇ ಇಲ್ಲದಿರುವುದು ಇದಕ್ಕೆ ಕಾರಣ. ಆದರೆ ಹೆಜ್ಜೆಗೆ ಯಾವ ತೊಂದರೆಯೂ ಇಲ್ಲ: (1, 0) ತಿರುಗಿ (0, 1) ಆಗುತ್ತದೆ, ಅಂದರೆ ನೇರವಾಗಿ ಮೇಲಕ್ಕೆ. ಆದ್ದರಿಂದ ವೈ = 3 ಎಂಬ ರೇಖೆಗೆ (4, −2) ಬಿಂದುವಿನ ಮೂಲಕ ಎಳೆದ ಲಂಬ ರೇಖೆ ಎಕ್ಸ್ = 4. ಇಲ್ಲಿ ವೈ = 4 ಎಂದಾಗಲಿ ವೈ = −2 ಎಂದಾಗಲಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಎಕ್ಸ್ = 4 ಎಂದರೆ ‘ಎಷ್ಟು ಎತ್ತರದಲ್ಲಿದ್ದರೂ ಸರಿ, ಬಲಕ್ಕೆ 4ರಲ್ಲಿಯೇ ಇರುವ ಬಿಂದುಗಳೆಲ್ಲ’ ಎಂದು ಪೂರ್ಣ ವಾಕ್ಯದಲ್ಲಿ ಓದಿಕೊಂಡರೆ ಈ ಗೊಂದಲ ಉಳಿಯುವುದಿಲ್ಲ.

ಚಿತ್ರ ಬಿಡಿಸಿ ನೋಡುವವರಿಗೆ ಒಂದು ಎಚ್ಚರಿಕೆ. ಗ್ರಾಫ್ ಹಾಳೆಯಲ್ಲಿ ಅಡ್ಡ ಅಕ್ಷಕ್ಕೆ 1 ಸೆಂ.ಮೀ. = 1 ಮಾನ, ನಿಲುವು ಅಕ್ಷಕ್ಕೆ 1 ಸೆಂ.ಮೀ. = 2 ಮಾನ ಎಂದು ಬೇರೆ ಬೇರೆ ಪ್ರಮಾಣಗಳನ್ನು ತೆಗೆದುಕೊಂಡರೆ, ನಮ್ಮ ಎರಡು ರೇಖೆಗಳು ಹಾಳೆಯ ಮೇಲೆ ಲಂಬವಾಗಿ ಕಾಣುವುದಿಲ್ಲ; ಉತ್ತರ ಸರಿಯಿದ್ದರೂ ಕೋನಮಾಪಕ 90 ತೋರಿಸುವುದಿಲ್ಲ. ತ್ರಿಭುಜವನ್ನು ತಿರುಗಿಸುವ ವಾದವೆಲ್ಲ ನಿಂತಿರುವುದು ಬಲಕ್ಕೆ ಒಂದು ಮನೆಯೂ ಮೇಲಕ್ಕೆ ಒಂದು ಮನೆಯೂ ಒಂದೇ ಉದ್ದ ಎಂಬುದರ ಮೇಲೆ. ಜಿಯೋಜೀಬ್ರಾದಂತಹ ತಂತ್ರಾಂಶದಲ್ಲಿ ನೋಡುವಾಗಲೂ ಎರಡೂ ಅಕ್ಷಗಳ ಪ್ರಮಾಣ 1:1 ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಪುಸ್ತಕದ ಕೊನೆಯ ಪುಟಗಳನ್ನು ನೋಡದೆ ಉತ್ತರವನ್ನು ಪರೀಕ್ಷಿಸುವುದು ಖಂಡಿತ ಸಾಧ್ಯ, ಅದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಉತ್ತರವು ಎರಡು ಷರತ್ತುಗಳನ್ನು ಪೂರೈಸಬೇಕು, ಎರಡನ್ನೂ ಬೇರೆ ಬೇರೆಯಾಗಿ ನೋಡಿ. ರೇಖೆ ಲಂಬವಾಗಿದೆಯೇ ಎಂದು ತಿಳಿಯಲು ಎರಡು ಸಮೀಕರಣಗಳ ಎಕ್ಸ್ ಸಹಗುಣಕಗಳನ್ನು ಒಂದಕ್ಕೊಂದು ಗುಣಿಸಿ, ವೈ ಸಹಗುಣಕಗಳನ್ನೂ ಗುಣಿಸಿ, ಎರಡನ್ನೂ ಕೂಡಿ, ಸೊನ್ನೆ ಬರಬೇಕು. ನಮ್ಮಲ್ಲಿ 2 × 3 + 3 × (−2) = 0. ಅಡ್ಡ ಮತ್ತು ನೆಟ್ಟನೆಯ ರೇಖೆಗಳಿಗೂ ಇದು ತಪ್ಪದೆ ಹೊಂದುತ್ತದೆ. ರೇಖೆ ಕೊಟ್ಟ ಬಿಂದುವಿನ ಮೂಲಕ ಹೋಗುತ್ತದೆಯೇ ಎಂದು ತಿಳಿಯಲು ಬಿಂದುವನ್ನು ಆದೇಶಿಸಿ: 3 × 5 − 2 × 5 = 5, ಸರಿಯಾಗಿದೆ. ನಾನು ಹೆಚ್ಚಾಗಿ ಕಂಡಿರುವ ಎರಡು ತಪ್ಪುಗಳಲ್ಲಿ ಒಂದೊಂದನ್ನು ಈ ಒಂದೊಂದು ಪರೀಕ್ಷೆ ಹಿಡಿಯುತ್ತದೆ. 2ಎಕ್ಸ್ + 3ವೈ = 12 ಎಂಬುದನ್ನು ಕಂಡೊಡನೆ ಇಳಿಜಾರು 2 ಎಂದು ಓದಿ, ಲಂಬದ ಇಳಿಜಾರು −1/2 ಎಂದುಕೊಂಡವರ ಉತ್ತರ ಎಕ್ಸ್ + 2ವೈ = 15 ಆಗಿರುತ್ತದೆ; ಅದು (5, 5)ರ ಮೂಲಕ ಹೋದರೂ 2 × 1 + 3 × 2 = 8 ಬಂದು ಮೊದಲ ಪರೀಕ್ಷೆಯಲ್ಲಿ ಬೀಳುತ್ತದೆ. ಸಹಗುಣಕಗಳನ್ನು ಸರಿಯಾಗಿ ಬದಲಿಸಿ, ಹಳೆಯ 12 ಅನ್ನು ಹಾಗೆಯೇ ಉಳಿಸಿಕೊಂಡು 3ಎಕ್ಸ್ − 2ವೈ = 12 ಎಂದು ಬರೆದವರ ರೇಖೆ ಲಂಬವೇ ಆದರೂ ಬಿಂದುವನ್ನು ಹಾಯುವುದಿಲ್ಲ, ಎರಡನೆಯದರಲ್ಲಿ ಬೀಳುತ್ತದೆ.

ಇನ್ನೊಂದು ಲೆಕ್ಕದಲ್ಲಿ ಇದನ್ನೆಲ್ಲ ಒಮ್ಮೆ ನಡೆಸಿ ನೋಡಿ: ಎಕ್ಸ್ − 4ವೈ = 7 ಎಂಬ ರೇಖೆಗೆ ಲಂಬವಾಗಿ (2, 3)ರ ಮೂಲಕ ಹೋಗುವ ರೇಖೆ. ಸಹಗುಣಕಗಳು 1 ಮತ್ತು −4; ಸ್ಥಾನ ಬದಲಿಸಿ ಒಂದರ ಚಿಹ್ನೆ ಬದಲಿಸಿದರೆ 4 ಮತ್ತು 1. ಇಲ್ಲಿ ಮೊದಲೇ ಋಣ ಚಿಹ್ನೆ ಇದ್ದದ್ದರಿಂದ ಅದು ಹೋಗಿಬಿಡುತ್ತದೆ, ಹೊಸದಾಗಿ ಇನ್ನೊಂದನ್ನು ಸೇರಿಸಬಾರದು. 4ಎಕ್ಸ್ + ವೈ ಎಂಬುದರಲ್ಲಿ (2, 3) ಆದೇಶಿಸಿದರೆ 11, ಆದ್ದರಿಂದ 4ಎಕ್ಸ್ + ವೈ = 11. ಪರೀಕ್ಷೆ: 1 × 4 + (−4) × 1 = 0. ಲಂಬಪಾದ ಬೇಕಿದ್ದರೆ, (2, 3)ರಲ್ಲಿ ಎಕ್ಸ್ − 4ವೈ ಬೆಲೆ −10, ಬೇಕಾದದ್ದು 7, ಕೊರತೆ 17; (1, −4) ಎಂಬ ಒಂದು ಹೆಜ್ಜೆಯಿಂದ ಬೆಲೆ 1 + 16 = 17 ಹೆಚ್ಚುತ್ತದೆ; ಆದ್ದರಿಂದ ಒಂದು ಹೆಜ್ಜೆ ಮುಂದಿಟ್ಟರೆ (3, −1) ಸಿಗುತ್ತದೆ. ಅದನ್ನು ಎರಡೂ ಸಮೀಕರಣಗಳಲ್ಲಿ ಆದೇಶಿಸಿ ನೋಡಿ: 3 + 4 = 7, ಮತ್ತು 12 − 1 = 11.